ಎಡಗೈಯ ಅಂಚು

ಮೊನ್ನೆ ಅಜೆಕಾರಿನಿಂದ ಒಂದು ಕಾರ್ಡು ಬಂತು. ಬರೆದವಳು ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿ. "ನಮ್ಮ ಕ್ರಾಫ್ಟ್ ಟೀಚರ್ ಹೋದ ಮಂಗಳವಾರ ತೀರಿಕೊಂಡರು. ಇಗರ್ಜಿಯಲ್ಲಿ ಎಲ್ಲ ಮುಗಿಯಿತು. ನಿಮಗೆ ತಿಳಿಸಬೇಕೆಂದು ತೋರಿತು." ಅಷ್ಟೇ ಇತ್ತು. ನನ್ನ ಹೆಂಡತಿ ಕಾರ್ಡು ಓದಿ, "ಯಾರಿದು? ನೀವು ಯಾವತ್ತೂ ಹೇಳಿದ್ದೇ ಇಲ್ಲವಲ್ಲ" ಎಂದಳು. ಹೌದು, ಹೇಳಿರಲಿಲ್ಲ. ಜೊತೆಯಲ್ಲಿ ಕೆಲಸ ಮಾಡಿದವರ ಬಗ್ಗೆ ಊಟದ ಹೊತ್ತಿಗೆಲ್ಲ ಕತೆ ಹೇಳುವ ಚಾಳಿ ನನ್ನದು. ಈ ಒಬ್ಬರನ್ನು ಮಾತ್ರ ಬಿಟ್ಟಿದ್ದೆ. ಈಗ ಬರೆಯಲು ಕೂತಿದ್ದೇನೆ. ಹೆಸರು ಬರೆಯುವುದಿಲ್ಲ. ಅವರಿಗೆ ಅದು ಇಷ್ಟವಾಗುತ್ತಿರಲಿಲ್ಲ.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಕಾಪುವಿನಿಂದ ಇನ್ನಂಜೆಯ ಕಡೆ ಹೋಗುವ ದಾರಿಯಲ್ಲಿ, ಗದ್ದೆ ಬಯಲಿನ ಮಗ್ಗುಲಲ್ಲಿ ನಮ್ಮ ಹೈಸ್ಕೂಲು. ನಾನು ಹೊಸದಾಗಿ ಸೇರಿದ ಕನ್ನಡ ಪಂಡಿತ. ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಅತ್ತ ಮದುವೆ ನಿಶ್ಚಯವಾಗಿತ್ತು. ಹುಡುಗಿಯ ತಂದೆ ಬಾಯಿ ಬಿಟ್ಟು ಹೇಳದಿದ್ದರೂ, ಖಾಯಂ ಆದ ಆರ್ಡರು ಕಣ್ಣಿಗೆ ಬೀಳದೆ ಮುಹೂರ್ತ ಇಡುವುದಿಲ್ಲ ಎಂಬುದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಆದ್ದರಿಂದ ಆ ವರ್ಷ ನಾನು ಬಹಳ ಒಳ್ಳೆಯವನಾಗಿದ್ದೆ. ಹೆಡ್ಮಾಷ್ಟ್ರು ಕೆಮ್ಮಿದರೂ ಎದ್ದು ನಿಲ್ಲುತ್ತಿದ್ದೆ.

ಸ್ಟಾಫ್ ರೂಮಿನಲ್ಲಿ ನನ್ನ ಎದುರಿನ ಕುರ್ಚಿ ಕ್ರಾಫ್ಟ್ ಟೀಚರದ್ದು. ಆದರೆ ಅವರು ಅದರಲ್ಲಿ ಕೂತದ್ದು ಕಡಿಮೆ. ನಲವತ್ತೈದು ದಾಟಿದ, ತೆಳ್ಳಗಿನ, ಎತ್ತರದ ಕೊಂಕಣಿ ಕ್ರಿಶ್ಚಿಯನ್ ಹೆಂಗಸು. ಮದುವೆಯಾಗಿರಲಿಲ್ಲ. ಊರು ಅಜೆಕಾರು. ವಾರದ ದಿನಗಳಲ್ಲಿ ಶಾಲೆಯ ಹತ್ತಿರ ಒಂದು ಕೋಣೆ ಹಿಡಿದುಕೊಂಡಿದ್ದು, ಶನಿವಾರ ಮಧ್ಯಾಹ್ನ ಬಸ್ಸು ಹಿಡಿಯುತ್ತಿದ್ದರು. ಬೆರಳುಗಳ ಮೇಲೆ ತೆಳ್ಳಗಿನ ಬಿಳಿ ಗೆರೆಗಳು. ಅವೆಲ್ಲ ಮುಳ್ಳು ಗೀರಿದ ಹಳೆಯ ಗುರುತುಗಳು. ಯಾವುದೇ ವಸ್ತು ಕೈಗೆ ಸಿಕ್ಕಿದರೂ ಮೊದಲು ಅದರ ಅಂಚಿನ ಮೇಲೆ ಹೆಬ್ಬೆರಳು ಓಡಿಸುವುದು ಅವರ ಅಭ್ಯಾಸ. ಹಾಜರಿ ಪುಸ್ತಕ, ಚಹಾದ ತಟ್ಟೆ, ಯಾರೋ ಹೊಸದಾಗಿ ಉಟ್ಟು ಬಂದ ಸೀರೆಯ ಸೆರಗು, ಎಲ್ಲವನ್ನೂ ಹಾಗೆ ಮುಟ್ಟಿ ನೋಡಿ ಆಮೇಲೆ ಮಾತು.

ಅವರು ಕಲಿಸುತ್ತಿದ್ದದ್ದು ಮುಂಡೇವಿನ ಚಾಪೆ ಹೆಣೆಯುವುದನ್ನು. ಮುಂಡೇವು ಅಂದರೆ ಕೇದಗೆಯ ಜಾತಿಯ ಗಿಡ, ತೋಡು ಹಳ್ಳಗಳ ಬದಿಯಲ್ಲಿ ಪೊದೆಪೊದೆಯಾಗಿ ಬೆಳೆಯುತ್ತದೆ. ಓಲೆಯ ಎರಡೂ ಬದಿಗೆ ಮುಳ್ಳು, ಬೆನ್ನ ನಡುವಿಗೂ ಮುಳ್ಳು. ಅದನ್ನು ಕಡಿದು, ಮುಳ್ಳು ಸವರಿ, ಬಾಡಿಸಿ, ಸುರುಳಿ ಸುತ್ತಿ, ನೀರಿನಲ್ಲಿ ನೆನೆಸಿ, ಒಣಗಿಸಿ, ಒಂದೇ ಅಗಲಕ್ಕೆ ಸೀಳಿ, ಆಮೇಲೆ ಹೆಣೆಯಲಿಕ್ಕೆ ಕೂರುವುದು. ಮಕ್ಕಳು ಅವರಿಗೆ ಇಟ್ಟ ಹೆಸರು 'ಮುಳ್ಳು ಟೀಚರ್'. ಹೆಸರಿಗೆ ಓಲೆಯೊಂದೇ ಕಾರಣವಾಗಿರಲಿಲ್ಲ.

ಅವರ ತರಗತಿಯ ಶೆಡ್ಡಿನಲ್ಲಿ ಸದ್ದೇ ಇರುತ್ತಿರಲಿಲ್ಲ. ಓಲೆ ಸೀಳುವ ಕತ್ತಿಗಳು ಮೂವತ್ತು ಮಕ್ಕಳ ಕೈಯಲ್ಲಿದ್ದಾಗ ಅವರು ಸಾಲುಗಳ ನಡುವೆ ಬರಿಗಾಲಿನಲ್ಲಿ ನಡೆಯುತ್ತಿದ್ದರು. ಹಿಂದೆ ಬಂದು ನಿಂತದ್ದು ಗೊತ್ತೇ ಆಗುತ್ತಿರಲಿಲ್ಲ. ಹೆಣಿಗೆ ತಪ್ಪಿದ್ದರೆ ಬಯ್ಯುವವರಲ್ಲ, ಹೊಡೆಯುವವರಂತೂ ಅಲ್ಲವೇ ಅಲ್ಲ. "ಬಿಚ್ಚು" ಎಂಬ ಒಂದೇ ಮಾತು. ತಪ್ಪು ಎಲ್ಲಿದೆಯೋ ಅಲ್ಲಿವರೆಗೆ ಬಿಚ್ಚಬೇಕು. ಒಮ್ಮೆ ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಮೂರು ವಾರ ಹೆಣೆದ ಚಾಪೆಯನ್ನು ಅಂಚು ಮಡಚುವ ಹೊತ್ತಿಗೆ ತಂದು ತೋರಿಸಿದಳು. ಇವರು ಹೆಬ್ಬೆರಳು ಓಡಿಸಿದರು. ಮೂರನೆಯ ಗೇಣಿನ ಹತ್ತಿರ ಬೆರಳು ನಿಂತಿತು. ಹುಡುಗಿ ಅಲ್ಲೇ ಅತ್ತಳು. ಕಿಟಕಿಯ ಹೊರಗೆ ನಿಂತಿದ್ದ ನನಗೆ ತಡೆಯಲಾಗಲಿಲ್ಲ.

"ಎಂತ ಟೀಚರ್, ಅಷ್ಟು ಚಂದ ಮಾಡಿದ್ದಾಳೆ. ಒಂದು ಎಳೆ ತಾನೆ? ಯಾರಿಗೆ ಕಾಣ್ತದೆ?"

"ಅವಳಿಗೆ ಕಾಣ್ತದೆ," ಎಂದರು. "ಇನ್ನು ಮುಂದೆ ಯಾವಾಗ ಮಲಗಿದರೂ ಅವಳಿಗೆ ಅದೇ ಕಾಣುವುದು. ನೀವು ನಿಮ್ಮ ಸಂಧಿ ಸಮಾಸ ನೋಡಿಕೊಳ್ಳಿ ಪಂಡಿತರೇ."

ಹುಡುಗಿ ಬಿಚ್ಚಿದಳು. ಬಿಚ್ಚುವಷ್ಟು ಹೊತ್ತೂ ಇವರು ಪಕ್ಕದಲ್ಲಿ ನೆಲಕ್ಕೆ ಕೂತು, ಬಿಚ್ಚಿದ ಒಂದೊಂದು ಎಳೆಯನ್ನೂ ಒದ್ದೆ ಬಟ್ಟೆಯಿಂದ ಒರೆಸಿ ನೇರ ಮಾಡಿ ಕೊಡುತ್ತಿದ್ದರು. ಊಟದ ಬೆಲ್ಲು ಆದರೂ ಇಬ್ಬರೂ ಏಳಲಿಲ್ಲ.

ಓಲೆ ಕಡಿಯಲು ಮಕ್ಕಳನ್ನು ತೋಡಿನ ಕಡೆಗೆ ಕರೆದುಕೊಂಡು ಹೋಗುವ ದಿನ ನಾನೂ ಒಮ್ಮೆ ಜೊತೆಗೆ ಹೋಗಿದ್ದೆ. ನಡುವಿನ ಎಳೆಯ ಓಲೆಗಳನ್ನು ಮುಟ್ಟಬಾರದು, ಹೊರಗಿನ ಬಲಿತದ್ದನ್ನು ಮಾತ್ರ ಕಡಿಯಬೇಕು, ಗಿಡಕ್ಕೆ ಮುಂದಿನ ವರ್ಷವೂ ಇಲ್ಲೇ ಕೆಲಸ ಉಂಟು ಎಂದು ಹೇಳಿಕೊಡುತ್ತಿದ್ದರು. ಹೇಳುತ್ತ ಹೇಳುತ್ತ ಮಾತು ನಿಂತಿತು. ಮುಂದಿನ ಸಾಲಿನ ಹುಡುಗನ ಕೈಗೆ ಒಂದು ಮೊಳ ದೂರದಲ್ಲಿ, ಪೊದೆಯ ಬುಡದಲ್ಲಿ ಒಂದು ನಾಗರಹಾವು ಹೆಡೆ ಎತ್ತಿತ್ತು. ಇವರು ದನಿ ಸ್ವಲ್ಪವೂ ಏರಿಸದೆ, "ಎಲ್ಲರೂ ಎರಡು ಹೆಜ್ಜೆ ಹಿಂದೆ ಬನ್ನಿ. ಓಡಬೇಡಿ. ಕತ್ತಿ ಕೆಳಗೆ ಹಾಕಬೇಡಿ, ಸದ್ದು ಆಗ್ತದೆ" ಎಂದರು. ಮೂವತ್ತು ಮಕ್ಕಳು ಎರಡು ಹೆಜ್ಜೆ ಹಿಂದೆ ಬಂದರು. ಮೊದಲು ಓಡಲು ತಿರುಗಿದವನು ನಾನು. ಇವರು ನನ್ನ ಅಂಗಿಯ ತೋಳು ಹಿಡಿದು ನಿಲ್ಲಿಸಿದರು. ಹಾವು ಇಳಿದು ಹೋದ ಮೇಲೆ, "ಇವತ್ತು ಈ ಬದಿ ಅವನದ್ದು. ನಾವು ಆಚೆಗೆ ಹೋಗುವ" ಎಂದು ಮಕ್ಕಳನ್ನು ಕರೆದುಕೊಂಡು ನಡೆದರು.

ಇಂಥವರ ಮೇಲೆ ದೂರು ಬಾರದೆ ಇದ್ದೀತೇ? ಊರಿನ ಅನುಕೂಲಸ್ಥರೊಬ್ಬರು ಒಂದು ದಿನ ನೇರವಾಗಿ ಶೆಡ್ಡಿಗೇ ಬಂದರು. ಮಗಳ ಬೆರಳಿಗೆ ಮುಳ್ಳು ಚುಚ್ಚಿ ಕೀವಾಗಿತ್ತು.

"ನಮ್ಮದು ಚಾಪೆ ಹೆಣೆಯುವ ಜಾತಿ ಅಲ್ಲ ಟೀಚರ್. ಮಗಳನ್ನು ಶಾಲೆಗೆ ಕಳಿಸುವುದು ಇದಕ್ಕಾ?"

"ನಿಮ್ಮ ಮನೆಯಲ್ಲಿ ಮಲಗುವುದು ಎಂತದರಲ್ಲಿ?"

"ಎಂತದರಲ್ಲಿ ಅಂದ್ರೆ? ಚಾಪೆಯಲ್ಲಿ."

"ಅದರ ಜಾತಿ ಕೇಳಿದ್ದೀರಾ?"

ಮಕ್ಕಳು ನಗಲಿಲ್ಲ. ನಕ್ಕಿದ್ದರೆ ವಿಷಯ ಅಲ್ಲಿಗೇ ಮುಗಿಯುತ್ತಿತ್ತೋ ಏನೋ. ಆ ಮನುಷ್ಯ ಕೆಂಪಾಗಿ ಹೊರಟುಹೋದರು. ಹೋದದ್ದು ಮನೆಗಲ್ಲ, ಶಾಲೆಯ ಆಡಳಿತದವರ ಬಳಿಗೆ. ಅಲ್ಲಿ ಮೊದಲೇ ಒಂದು ಯೋಚನೆ ಇತ್ತು. ಮಣಿಪಾಲದಲ್ಲಿ ಆಫೀಸುಗಳು ಬೆಳೆಯುತ್ತಿದ್ದವು, ಟೈಪಿಂಗ್ ಬಲ್ಲವರಿಗೆ ಕರೆದು ಕೆಲಸ ಕೊಡುತ್ತಾರೆಂಬ ಮಾತು ಎಲ್ಲೆಲ್ಲೂ ಇತ್ತು. ಕ್ರಾಫ್ಟ್ ತೆಗೆದು ಆ ಶೆಡ್ಡಿನಲ್ಲಿ ಟೈಪ್‌ರೈಟರುಗಳನ್ನು ಇಡುವುದೆಂದು ಇಲಾಖೆಗೆ ಬರೆದರು. ಉತ್ತರವಾಗಿ, ಜನವರಿಯಲ್ಲಿ ಅಧಿಕಾರಿಯೊಬ್ಬರು ಬಂದು ತರಗತಿ ನೋಡುತ್ತಾರೆ, ಅವರ ವರದಿಯಂತೆ ತೀರ್ಮಾನ ಎಂದು ಕಾಗದ ಬಂತು. ತರಗತಿ ಹೋದರೆ ಇವರ ಕೆಲಸವೂ ಹೋದಂತೆ.

ನಮ್ಮ ಹೆಡ್ಮಾಷ್ಟ್ರು ಕೆಟ್ಟವರಲ್ಲ. ಇದನ್ನು ಒತ್ತಿ ಹೇಳಬೇಕು, ಯಾಕೆಂದರೆ ಮುಂದೆ ಆದದ್ದೆಲ್ಲ ಒಳ್ಳೆಯ ಮನಸ್ಸಿನಿಂದಲೇ ಆದದ್ದು. ಮಕ್ಕಳ ಚಾಪೆಗಳು ಮೋಟು, ಸೊಟ್ಟ. ಅವನ್ನು ತೋರಿಸಿದರೆ ತರಗತಿ ಉಳಿಯುವುದಿಲ್ಲ ಎಂದು ಅವರಿಗೆ ಅನಿಸಿತು. ಅಧಿಕಾರಿ ಬರುವ ಮುಂಚಿನ ಶುಕ್ರವಾರ ನನ್ನನ್ನು ಕರೆದರು.

"ಪಂಡಿತರೇ, ನಾಳೆ ಕಾರ್ಕಳಕ್ಕೆ ಹೋಗಿ ಮೂರು ಒಳ್ಳೆ ಚಾಪೆ ತನ್ನಿ. ಹಾಲ್‌ನಲ್ಲಿ ಮಕ್ಕಳದ್ದರ ಜೊತೆ ತೂಗು ಹಾಕುವ. ಟೀಚರ್‌ಗೆ ಹೇಳಬೇಡಿ, ಅವರದ್ದು ಸ್ವಭಾವ ಗೊತ್ತುಂಟಲ್ಲ. ಅವರ ಒಳ್ಳೆಯದಕ್ಕೇ ಮಾರಾಯ್ರೇ."

ನಾನು ಹೋದೆ. ಖುಷಿಯಿಂದಲೇ ಹೋದೆ. ಒಂದು ಉಪಕಾರ, ಅದರ ಮೇಲೆ ಹೆಡ್ಮಾಷ್ಟ್ರ ವಿಶ್ವಾಸ. ಬಸ್‌ಸ್ಟ್ಯಾಂಡಿನ ಹತ್ತಿರದ ಅಂಗಡಿಯವನು ಹೊರಗೆ ಇಟ್ಟದ್ದನ್ನೆಲ್ಲ ಬಿಟ್ಟು, ಅಟ್ಟದಿಂದ ಮೂರು ಸುರುಳಿ ಇಳಿಸಿದ. "ಇದು ಹಳೆ ಸ್ಟಾಕ್. ಇಂಥದ್ದು ಈಗ ಬರುವುದಿಲ್ಲ. ಮಾಡುವವರು ಇಲ್ಲ. ನೋಡಿ, ನೀರು ಹಾಕಿದರೂ ಇಳಿಯಬಾರದು" ಎಂದ. ನನಗೆ ಚಾಪೆ ಅಂದರೆ ಚಾಪೆ. ಪೇಪರಿನಲ್ಲಿ ಸುತ್ತಿಸಿಕೊಂಡು ಬಂದೆ.

ಅಧಿಕಾರಿ ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಬರುತ್ತಾರೆಂದು ಹೇಳಿ ಕಳಿಸಿದ್ದರು. ಓಲೆಯ ಕೆಲಸಕ್ಕೆ ಬೆಳಗಿನ ತಂಪೇ ಬೇಕು, ಇಬ್ಬನಿಯ ಪಸೆಗೆ ಓಲೆ ಮೆತ್ತಗಿರುತ್ತದೆ. ಎಂಟೂವರೆಗೇ ಟೀಚರ್ ಮಕ್ಕಳನ್ನು ಕೂರಿಸಿದ್ದರು. ಹತ್ತಾಯಿತು, ಹನ್ನೊಂದಾಯಿತು. ಜೀಪು ಇಲ್ಲ. ಮೂಡು ಗಾಳಿ ಬೀಸತೊಡಗಿತು. ಜನವರಿಯ ಆ ಒಣ ಗಾಳಿಗೆ ಓಲೆ ನೋಡನೋಡುತ್ತ ಬಿರುಸಾಗುತ್ತದೆ. ಇವರು ಒದ್ದೆ ಬಟ್ಟೆ ಹಿಡಿದುಕೊಂಡು ಒಂದು ಸಾಲಿನಿಂದ ಇನ್ನೊಂದು ಸಾಲಿಗೆ ಓಡುತ್ತಿದ್ದರು. ಅವರು ಓಡಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಮಕ್ಕಳು ಹೆಣೆಯುವುದಕ್ಕೂ ಹೆದರಿ, ಸುಮ್ಮನೆ ಕೂರುವುದಕ್ಕೂ ಹೆದರಿ ಬೆವರುತ್ತಿದ್ದರು.

ಜೀಪು ಬಂದಾಗ ಹನ್ನೆರಡು ದಾಟಿತ್ತು. ಅಧಿಕಾರಿ ಘಟ್ಟದ ಮೇಲಿನವರು. ಸೆಕೆಯಿಂದ ಕಂಗೆಟ್ಟಿದ್ದರು. ಶೆಡ್ಡಿನ ಬಾಗಿಲಲ್ಲಿ ನಿಂತು, "ಎಲ್ಲಿ, ಮಾಡಿ ನೋಡೋಣ" ಎಂದರು. ಮಕ್ಕಳು ಓಲೆ ಮಡಚಿದರು. ಅಲ್ಲೊಂದು ಪಟ್, ಇಲ್ಲೊಂದು ಪಟ್. ಮುರಿಯದ ಎಳೆಯೇ ಇಲ್ಲ. ಚಾಪೆ ಬಿಚ್ಚಿ ಅತ್ತಿದ್ದಳಲ್ಲ, ಅದೇ ಹುಡುಗಿ ಮುರಿದ ಎಳೆಯನ್ನು ಲಂಗದ ಕೆಳಗೆ ಮುಚ್ಚಿಕೊಂಡಳು.

"ವರ್ಷ ಪೂರ್ತಿ ಕಲಿತದ್ದು ಇದೇನಾ?" ಎಂದರು ಅಧಿಕಾರಿ.

"ಸರ್, ಓಲೆ ಒಣಗಿದೆ. ನಾಳೆ ಬೆಳಿಗ್ಗೆ ಬಂದರೆ..." ಎಂದು ಇವರು ಶುರುಮಾಡಿದರು.

"ನಾಳೆ ನನಗೆ ಬೇರೆ ಸ್ಕೂಲಿದೆಯಮ್ಮ."

ಹೆಡ್ಮಾಷ್ಟ್ರು ನಡುವೆ ಬಂದು, "ಹಾಲ್‌ನಲ್ಲಿ ಮಕ್ಕಳ ಕೆಲಸ ಉಂಟು, ಅದನ್ನೊಂದು ನೋಡಿ ಸರ್" ಎಂದು ಕರೆದುಕೊಂಡು ಹೋದರು. ಮಕ್ಕಳೆಲ್ಲ ಹಿಂದೆ ಬಂದರು. ಚಾಪೆಗಳನ್ನು ಬೆಳಿಗ್ಗೆ, ಇವರು ಶೆಡ್ಡಿನಲ್ಲಿದ್ದಾಗ, ನಾನೇ ಗೋಡೆಗೆ ತೂಗುಹಾಕಿದ್ದೆ. ಮೋಟು ಚಾಪೆಗಳ ನಡುವೆ ಆ ಮೂರು.

ಅಧಿಕಾರಿ ಅವುಗಳ ಎದುರು ನಿಂತರು. ಮುಟ್ಟಿದರು. ಮುಖವೇ ಬದಲಾಯಿತು.

"ಯಾರ್ರೀ ಮಾಡಿದ್ದು ಇದನ್ನ?"

"ಹತ್ತನೇ ಕ್ಲಾಸಿನ ಹುಡುಗಿಯರು ಸರ್," ಎಂದರು ಹೆಡ್ಮಾಷ್ಟ್ರು.

"ಮತ್ತೆ ಇದನ್ನ ಮೊದಲೇ ತೋರಿಸೋದಲ್ವೇನ್ರೀ! ನಮ್ಮ ಮನೇಲಿ ಇಂಥಾದ್ದು ಒಂದಿಲ್ಲ. ಇದನ್ನ ನಿಲ್ಲಿಸಿ ಅಂತ ನಾನು ಹೇಗೆ ಬರೀಲಿ?" ಕಿಸೆಯಿಂದ ಪೆನ್ನು ತೆಗೆದರು. ಹೆಡ್ಮಾಷ್ಟ್ರು ನನ್ನ ಕಡೆ ನೋಡಿ ಹುಬ್ಬು ಹಾರಿಸಿದರು. ನನಗೆ ಕುಣಿಯುವಷ್ಟು ಸಂತೋಷವಾಯಿತು. "ಏನಮ್ಮ, ನೀವೇ ಕಲಿಸಿದ್ದಾ?" ಎಂದು ಅಧಿಕಾರಿ ಇವರ ಕಡೆ ತಿರುಗಿದರು.

ಇವರು ಗೋಡೆಯ ಹತ್ತಿರ ಹೋಗಿ ನಡುವಿನ ಚಾಪೆಯ ಅಂಚಿಗೆ ಹೆಬ್ಬೆರಳಿಟ್ಟರು. ಮೇಲಿಂದ ಕೆಳಗೆ ಬೆರಳು ಓಡಿತು. ಇನ್ನೊಂದನ್ನು ನೋಡಿದರು, ಮತ್ತೊಂದನ್ನು ನೋಡಿದರು. ಅಂಚು ಮಡಚಿದ ಕಡೆ ಎಳೆಗಳು ಎಲ್ಲರ ಚಾಪೆಯಲ್ಲಿ ಬಲಕ್ಕೆ ವಾಲಿದ್ದರೆ ಇವುಗಳಲ್ಲಿ ಎಡಕ್ಕೆ ವಾಲಿದ್ದವು. ಇದು ನನಗೆ ಆಮೇಲೆ ತಿಳಿದದ್ದು. ಆ ಹೊತ್ತಿನಲ್ಲಿ ನನಗೆ ಕಂಡದ್ದು ಅವರ ಬೆರಳು ಅಂಚು ಬಿಡದೆ ಅಲ್ಲೇ ನಿಂತದ್ದು ಮಾತ್ರ.

ಶಾಲೆಯಲ್ಲಿ ಅಚ್ಚುಕಟ್ಟಾದ ಕನ್ನಡ ಬಿಟ್ಟು ಬೇರೆ ಮಾತಾಡದವರು ಅವರು. ಬಾಯಿಂದ ಹೊರಟದ್ದು ಒಂದೇ ಕೊಂಕಣಿ ಶಬ್ದ, "ಮಾಂಯ್."

"ಏನಂದ್ರಿ?"

"ನನ್ನ ಅಮ್ಮ ಸರ್. ಇದು ನನ್ನ ಅಮ್ಮ ಹೆಣೆದದ್ದು. ಅವರು ಎಡಚಿ. ಅಂಚು ನೋಡಿ, ಎಡಗೈಯದ್ದು."

ಅಧಿಕಾರಿ ಪೆನ್ನಿನ ಮುಚ್ಚಳ ಹಾಕಿದರು.

"ಅಂದ್ರೆ, ಅಮ್ಮನ ಕೈಲಿ ಮಾಡಿಸಿ ತಂದು ಮಕ್ಕಳದ್ದು ಅಂತ ತೂಗುಹಾಕಿದ್ದೀರಿ."

"ಇಲ್ಲ ಸರ್. ಅಮ್ಮ ತೀರಿಹೋಗಿ ಎರಡು ವರ್ಷ ಆಯ್ತು."

"ಹಾಗಾದ್ರೆ ಇಲ್ಲಿಗೆ ತಂದವರು ಯಾರು?"

ಈ ಪ್ರಶ್ನೆಗೆ ಆ ಹಾಲ್‌ನಲ್ಲಿ ಉತ್ತರ ಗೊತ್ತಿದ್ದದ್ದು ಇಬ್ಬರಿಗೆ. ಹೆಡ್ಮಾಷ್ಟ್ರು ನೆಲ ನೋಡುತ್ತಿದ್ದರು. ನಾನು ಬಾಯಿ ತೆರೆದೆ. ತೆರೆದದ್ದು ನಿಜ, ಆದರೆ ಮಾತು ಹೊರಡಲಿಲ್ಲ. ಖಾಯಂ ಆಗದ ಕೆಲಸ, ಮೇ ತಿಂಗಳ ಮುಹೂರ್ತ, ಹೆಡ್ಮಾಷ್ಟ್ರ ಮರ್ಯಾದೆ, ಎಲ್ಲ ಒಟ್ಟಿಗೆ ನೆನಪಿಗೆ ಬಂದವು. ಅಷ್ಟರಲ್ಲಿ ಇವರೇ ಹೇಳಿದರು:

"ನಾನೇ ಸರ್. ಮಾದರಿಗೆ ಅಂತ. ಹೆಡ್ಮಾಷ್ಟ್ರಿಗೆ ಚಾಪೆಯ ವಿಷಯ ಗೊತ್ತಿಲ್ಲ, ಮಕ್ಕಳದ್ದು ಅಂತ ಎಣಿಸಿದ್ದಾರೆ. ಮಕ್ಕಳದ್ದು ಇದು." ಮೋಟು ಚಾಪೆಯೊಂದನ್ನು ಗೋಡೆಯಿಂದ ಬಿಡಿಸಿ ಅಧಿಕಾರಿಯ ಎದುರು ಹಿಡಿದರು. "ಸೊಟ್ಟ ಉಂಟು. ಆದರೆ ಇದರಲ್ಲಿ ತಪ್ಪಿಲ್ಲ. ತಪ್ಪಿದ್ದದ್ದನ್ನೆಲ್ಲ ಬಿಚ್ಚಿಸಿದ್ದೇನೆ."

ಅಧಿಕಾರಿ ಅದನ್ನು ಮುಟ್ಟಲಿಲ್ಲ.

ಆಮೇಲೆ ಹೆಡ್ಮಾಷ್ಟ್ರ ಕೋಣೆಯಲ್ಲಿ ಅವರಿಗೆ ಊಟ. ಮಲ್ಪೆಯಿಂದ ಬೆಳಿಗ್ಗೆಯೇ ತರಿಸಿದ ಅಂಜಲ್ ಮೀನು, ಕೋಳಿ ಸಾರು. ಬಡಿಸಲಿಕ್ಕೆ ನಾನು. ಬಡಿಸುತ್ತಿದ್ದಾಗ ಹೆಡ್ಮಾಷ್ಟ್ರು ನನ್ನ ಕಿವಿಯ ಹತ್ತಿರ, "ಇನ್ನು ನೀವು ಎಂತದೂ ಮಾತಾಡಬೇಡಿ. ಅವರೇ ಒಪ್ಪಿಕೊಂಡದ್ದು ಅಲ್ವಾ" ಎಂದರು. ನಾನು ಸಾರಿನ ಪಾತ್ರೆ ಎತ್ತಿಕೊಂಡೆ.

ವರದಿ ಬಂತು. ಹೊರಗಿನ ವಸ್ತುಗಳನ್ನು ವಿದ್ಯಾರ್ಥಿಗಳ ಕೆಲಸವೆಂದು ಪ್ರದರ್ಶಿಸಿದ ಶಿಕ್ಷಕಿ ಎಂದು ಅದರಲ್ಲಿತ್ತು. ಮಾರ್ಚಿಗೆ ತರಗತಿ ಮುಚ್ಚಿತು. ಅಂಥ ಒಂದು ವಾಕ್ಯ ಬೆನ್ನಿಗಿದ್ದ ಮೇಲೆ ಬೇರೆ ಶಾಲೆಯವರೂ ಅವರನ್ನು ತೆಗೆದುಕೊಳ್ಳಲಿಲ್ಲ. ಹೊರಡುವ ದಿನ ಆ ಮೂರು ಚಾಪೆಗಳನ್ನು ಕೇಳಿ ಪಡೆದುಕೊಂಡರು. ಕಂಡಕ್ಟರ್ ಬಸ್ಸಿನ ಟಾಪಿಗೆ ಹಾಕುತ್ತೇನೆಂದರೂ ಕೊಡದೆ, ಮಡಿಲಲ್ಲೇ ಇಟ್ಟುಕೊಂಡು ಕೂತರು. ನನಗೆ, "ಬರ್ತೇನೆ ಪಂಡಿತರೇ" ಎಂದರು. ಏಪ್ರಿಲಿನಲ್ಲಿ ನನ್ನ ಕೆಲಸ ಖಾಯಂ ಆಯಿತು. ಮೇಯಲ್ಲಿ ಮದುವೆಯಾಯಿತು. ಮದುವೆಗೆ ಅವರನ್ನು ಕರೆಯಲಿಲ್ಲ.

ಐದು ವರ್ಷ ಬಿಟ್ಟು ಒಮ್ಮೆ ಅಜೆಕಾರಿಗೆ ಹೋದೆ. ಪರೀಕ್ಷೆಯ ಕೆಲಸ ಎಂದು ಮನೆಯಲ್ಲಿ ಸುಳ್ಳು ಹೇಳಿ ಹೋದದ್ದು. ಜಗಲಿಯಲ್ಲಿ ನಾಲ್ಕು ಹುಡುಗಿಯರು ಓಲೆ ಸೀಳುತ್ತಿದ್ದರು. ಅವರಲ್ಲೊಬ್ಬಳು ನಮ್ಮ ಶಾಲೆಯಲ್ಲಿ ಓದಿ ಆ ಊರಿಗೆ ಮದುವೆಯಾಗಿ ಬಂದವಳು, ಮೊನ್ನೆ ಕಾರ್ಡು ಬರೆದವಳು. ಟೀಚರ್ ಬಡಕಲಾಗಿದ್ದರು. ನನಗೆ ಚಹಾ ಕೊಟ್ಟು, ಹೆಂಡತಿ ಮಕ್ಕಳನ್ನು ವಿಚಾರಿಸಿದರು. ಲೋಟ ಕೆಳಗಿಡುವ ಮೊದಲೇ ನಾನು ಹೇಳಿಬಿಟ್ಟೆ.

"ಟೀಚರ್, ಆ ಚಾಪೆ ತಂದವನು ನಾನು."

"ಗೊತ್ತುಂಟು," ಎಂದರು. "ಅಮ್ಮ ಚಾಪೆ ಕೊಡ್ತಿದ್ದದ್ದು ಕಾರ್ಕಳದ ಆ ಅಂಗಡಿಗೇ. ಅಂಗಡಿಯವ ಮುಂದಿನ ಶನಿವಾರವೇ ಹೇಳಿದ, ನಿಮ್ಮ ಶಾಲೆಯ ಪಂಡಿತರು ಬಂದಿದ್ದರು ಅಂತ. ಆದರೆ ನನಗೆ ಅದಕ್ಕಿಂತ ಮೊದಲೇ ಗೊತ್ತಾಗಿತ್ತು. ಹಾಲ್‌ನಲ್ಲಿ ನಿಮ್ಮ ಮುಖ ನೋಡಿದೆ ಅಲ್ವಾ."

"ಮತ್ತೆ ಯಾಕೆ ನಿಮ್ಮ ಮೇಲೆ ಹಾಕಿಕೊಂಡಿರಿ?"

"ಮಕ್ಕಳ ಎದುರು ಹೆಡ್ಮಾಷ್ಟ್ರನ್ನು ಸುಳ್ಳ ಅಂತ ಮಾಡ್ಲಿಕ್ಕೆ ಆಗ್ತದಾ? ನಿಮ್ಮದು ಮದುವೆ ಬೇರೆ." ಹುಡುಗಿಯೊಬ್ಬಳ ಕೈಯಿಂದ ಓಲೆ ತೆಗೆದುಕೊಂಡು ನೋಡಿ, ಹಿಂದಕ್ಕೆ ಕೊಟ್ಟರು. ಆಮೇಲೆ ನನ್ನನ್ನು ನೇರವಾಗಿ ನೋಡಿ ಹೇಳಿದರು:

"ಆದರೆ ಅದು ಆ ಹೊತ್ತಿಗೆ ಮಾತ್ರ ಅಂತ ಎಣಿಸಿದ್ದೆ ಪಂಡಿತರೇ. ಮಕ್ಕಳೆಲ್ಲ ಹೋದ ಮೇಲೆ ನೀವು ಆ ಅಧಿಕಾರಿಯ ಹತ್ತಿರ ಹೇಳ್ತೀರಿ ಅಂತ. ಅವರು ಊಟಕ್ಕೆ ಕೂತರಲ್ಲ, ಆಗ ನಾನು ಶೆಡ್ಡಿನ ಬಾಗಿಲಲ್ಲಿ ನಿಂತಿದ್ದೆ. ಈಗ ಕರೀತಾರೆ, ಈಗ ಕರೀತಾರೆ ಅಂತ. ಜೀಪು ಹೋದ ಮೇಲೂ ಸ್ವಲ್ಪ ಹೊತ್ತು ನಿಂತಿದ್ದೆ."

ಹೆಡ್ಮಾಷ್ಟ್ರ ಕೋಣೆಯ ಕಿಟಕಿಯಿಂದ ಶೆಡ್ಡಿನ ಬಾಗಿಲು ನೇರಕ್ಕೆ ಕಾಣುತ್ತದೆ. ಬಡಿಸುತ್ತಿದ್ದ ಅಷ್ಟು ಹೊತ್ತೂ ನಾನು ಆ ಕಿಟಕಿಗೆ ಬೆನ್ನು ಹಾಕಿಯೇ ನಿಂತಿದ್ದೆ.